ವೀರಪ್ಪನ ಬಳೆ

ಅಕ್ಕ ಕಿವಿಯಲ್ಲಿ ರಕ್ತ ಸುರಿಸಿಕೊಂಡು ಮನೆಗೆ ಬಂದ ವಾರವೇ ನಾನು ಆ ಸ್ಲೈಡ್ ನೋಡಿದ್ದು. ಮೊದಲು ಅಕ್ಕನ ವಿಷಯ ಹೇಳಿಬಿಡುತ್ತೇನೆ. ಅವಳನ್ನು ಜೀವನ್ ಬಿಮಾ ನಗರಕ್ಕೆ ಕೊಟ್ಟಿದ್ದರು. ಹುಡುಗನಿಗೆ ಕಾರ್ಖಾನೆಯಲ್ಲಿ ಖಾಯಂ ಕೆಲಸ, ಮನೆಯಲ್ಲಿ ಅತ್ತೆ ಒಬ್ಬಳೇ, ನೆಲಕ್ಕೆಲ್ಲ ಮೊಸಾಯಿಕ್. ಹೊರಮಾವಿನಲ್ಲಿ ರಾಗಿ ಬೆಳೆಯುವ ನಮ್ಮವರಿಗೆ ಅಷ್ಟು ಸಾಕಾಗಿತ್ತು. ಅವನು ಹೊಡೆಯುತ್ತಿದ್ದ. ಸಿಟ್ಟು ತಡೆಯಲಾರದೆ ಕೈಯೆತ್ತುವವನಲ್ಲ. ಬಾಗಿಲು ಹಾಕಿ, ಕೈಗಡಿಯಾರ ಬಿಚ್ಚಿಟ್ಟು ಹೊಡೆಯುವವನು. ಆ ಸಲ ಕಪಾಳಕ್ಕೆ ಬಿದ್ದ ಏಟಿಗೆ ಅವಳ ಎಡಗಿವಿಯ ತಮಟೆ ಹರಿದಿತ್ತು. ಬರಿಗಾಲಲ್ಲಿ ಬಸ್ಸಿಳಿದು ಬಂದಳು. ಅಮ್ಮ ಅವಳನ್ನು ಒಳಗೆ ಕರೆದು ಮೊದಲು ಮಾಡಿದ ಕೆಲಸವೆಂದರೆ ಬೀದಿ ಬಾಗಿಲು ಮುಚ್ಚಿದ್ದು.

ತೊಂಬತ್ತರ ದಶಕದ ಕೊನೆಯ ಮಾತಿದು. ನಾನು ಚಿತ್ರಕಲೆ ಓದುತ್ತಿದ್ದೆ. ಶಿವಾಜಿನಗರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಕಲಾ ಇತಿಹಾಸದ ಕ್ಲಾಸೆಂದರೆ ನಮ್ಮ ಬ್ಯಾಚಿಗೆ ಒಳ್ಳೆಯ ನಿದ್ದೆ. ಕಪ್ಪು ಪರದೆ ಎಳೆದ ಕೋಣೆ, ಸ್ಲೈಡ್ ಬದಲಾದಾಗಲೆಲ್ಲ ಪ್ರೊಜೆಕ್ಟರಿನ ಕಟಕ್ ಸದ್ದು. ಬಣ್ಣ ಕಲಿಯಲು ಬಂದವಳಿಗೆ ಸತ್ತವರ ಕಲ್ಲುಗಳ ಪುರಾಣ ಯಾಕೆ ಎಂದು ನಾನೂ ಮೂಗು ಮುರಿದವಳೇ. ಪಾಠ ಮಾಡುತ್ತಿದ್ದ ಮೇಡಂ ಹಲಸೂರಿನವರು, ಮಾತು ಖಾರ.

"ಚೆನ್ನಾಗಿದೆ ಅಂದ್ರೆ ಆಚೆ ಕಳಿಸ್ತೀನಿ," ಅನ್ನುತ್ತಿದ್ದರು. "ಏನ್ ಕಾಣಿಸ್ತಿದೆ, ಅದನ್ನ ಹೇಳಿ. ಆಮೇಲೆ, ಇದನ್ನ ಕೆತ್ಸಿದೋರು ಯಾರು, ಅವರಿಗೇನು ಬೇಕಾಗಿತ್ತು, ಅದನ್ನ ಕೇಳಿ. ಎರಡನೇದನ್ನ ಮರೆತ್ರೆ ಮೊದಲನೇದು ದಂಡ."

ಕಟಕ್. ಕಲ್ಲಿನ ಕಂಬದಿಂದ ಹೊರಟ ಒಂದು ತೋಳು. ಮೊಣಕೈ ಮಡಚಿ ಮೇಲಕ್ಕೆತ್ತಿದ ಅಂಗೈ, ಬೆರಳ ಸಂದಿಯಲ್ಲಿ ನಿಂಬೆಹಣ್ಣು, ಮುಂಗೈ ತುಂಬ ಬಳೆ. ಮಾಸ್ತಿಕಲ್ಲು, ಅಂದರು ಮೇಡಂ. ಗಂಡನ ಚಿತೆಯಲ್ಲಿ ಸುಟ್ಟುಹೋದ ಹೆಂಗಸಿಗೆ ಊರವರು ನಿಲ್ಲಿಸುವ ಕಲ್ಲು. "ಬಳೆ ನೋಡಿ. ಸುಟ್ಟು ಬೂದಿಯಾದ್ರೂ ಮುತ್ತೈದೆ ಅಂತ ತೋರ್ಸೋಕೆ ಅದು." ಆ ತೋಳು ನಮ್ಮ ಹೊಲದಲ್ಲಿತ್ತು.

ನಮ್ಮವರು ಅದನ್ನು ವೀರಪ್ಪ ಎನ್ನುತ್ತಿದ್ದರು. ಯಾವುದೋ ಕಾಲದಲ್ಲಿ ದನ ಕಾಯಲು ಹೋಗಿ ಕಾದಾಡಿ ಸತ್ತ ನಮ್ಮ ಮೂಲಪುರುಷ; ಆ ಎತ್ತಿದ ಕೈ ಕತ್ತಿ ಹಿಡಿದ ಕೈ. ತಲೆತಲಾಂತರದಿಂದ ಬಳಿದ ಎಣ್ಣೆ, ಅರಿಶಿನ ಸೇರಿ ಕಲ್ಲು ಹಳದಿ ಮುದ್ದೆಯಾಗಿತ್ತು. ಮೇಲೆ ಬೆಳ್ಳಿಯ ಕಣ್ಣು, ಮೀಸೆ, ಸುತ್ತ ಒಂದು ಪಂಚೆ. ಸುಗ್ಗಿ ಮುಗಿದ ಮೇಲೆ ಗಂಡಸರು ಅದರ ಮುಂದೆ ಕುರಿ ಕಡಿಯುತ್ತಿದ್ದರು. ಹೆಂಗಸರು ಕಲ್ಲಿಗಿಂತ ಈಚೆಗಿದ್ದ ಹೊಂಗೆಮರ ದಾಟುವಂತಿರಲಿಲ್ಲ. ಹೆಂಗಸರ ನೆರಳು ವೀರಪ್ಪನಿಗೆ ಆಗುವುದಿಲ್ಲವಂತೆ. ಕರುಳು ತೊಳೆಯುವುದಕ್ಕೆ, ಮಸಾಲೆ ಅರೆಯುವುದಕ್ಕೆ ಮಾತ್ರ ಆಗುತ್ತಿತ್ತು.

ಮಾರನೇ ದಿನ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನು ಹೊಂಗೆಮರ ದಾಟಿದೆ. ಬಣ್ಣ ಕೆರೆಯುವ ಚೂರಿಯಿಂದ ಕೈಯ ಮೇಲಿನ ಅರಿಶಿನ ಎಬ್ಬಿಸಿದೆ. ಗಟ್ಟಿ ಹೆಕ್ಕಳಿಕೆಯಾಗಿ ಉದುರಿತು. ಒಳಗೆ ಬಳೆಗಳಿದ್ದವು. ಬೆರಳ ಸಂದಿಯಲ್ಲಿ ನಿಂಬೆಹಣ್ಣಿತ್ತು. ಮೀಸೆ ಹೊತ್ತುಕೊಂಡು ಕುರಿ ತಿನ್ನುತ್ತಿದ್ದದ್ದು ಒಬ್ಬ ಹೆಂಗಸು! ನನಗೆ ನಗು ಬಂತು, ಅದರ ಹಿಂದೆಯೇ ಮೈ ಉರಿಯುವಷ್ಟು ಸಿಟ್ಟು. ಚಿತ್ರ ಬರೆದುಕೊಂಡು, ಪಂಚೆ ಮೇಲಕ್ಕೆ ಎಳೆದು ಮುಚ್ಚಿ ಬಂದೆ.

ಅಕ್ಕನನ್ನು ವಾಪಸ್ ಕಳಿಸುವ ಮಾತು ಅಷ್ಟರಲ್ಲಿ ಶುರುವಾಗಿತ್ತು. ನಮ್ಮಲ್ಲಿ ದೊಡ್ಡ ತೀರ್ಮಾನಗಳೆಲ್ಲ ವೀರಪ್ಪನ ಮುಂದೆಯೇ. ಕುರಿಯ ಮೇಲೆ ನೀರು ಚಿಮುಕಿಸುತ್ತಾರೆ. ಅದು ಮೈ ಒದರಿದರೆ ದೇವರು ಒಪ್ಪಿದ ಹಾಗೆ, ಆಮೇಲೆ ಅಲ್ಲಿ ಆಡಿದ ಮಾತನ್ನು ಯಾರೂ ತಿರುಗಿಸುವ ಹಾಗಿಲ್ಲ. ಹಾಗೆ ಒಂದು ಭಾನುವಾರ ಬೆಳಿಗ್ಗೆ ಎಲ್ಲ ಸೇರಿದರು. ಕಲ್ಲಿನ ಹತ್ತಿರ ದೊಡ್ಡಪ್ಪ, ಅಪ್ಪ, ಅಕ್ಕನ ಗಂಡ. ಹೊಂಗೆಮರದ ಈಚೆ ಅಮ್ಮ, ಅಕ್ಕನ ಅತ್ತೆ, ನಾನು, ಕಿವಿಗೆ ಹತ್ತಿ ತುರುಕಿಕೊಂಡ ಅಕ್ಕ. ಅವಳು ಒಂದೇ ಮಾತು ಹೇಳಿದ್ದಳು: "ಈ ಸಲ ಹೋದ್ರೆ ಹೆಣ ತರೋಕೆ ಬರ್ತೀರ." ಅಪ್ಪ ನೆಲ ನೋಡಿದ್ದರು. ಅಣ್ಣನೆದುರು ಅವರು ತಲೆಯೆತ್ತಿದ್ದನ್ನು ನಾನು ನೋಡಿಲ್ಲ.

ದೊಡ್ಡಪ್ಪ ಚೊಂಬಿಗೆ ಕೈ ಹಾಕಿದರು. ನೀರು ಬೀಳುವ ಮುಂಚೆ ನಾನು ಓಡಿದೆ. ಪಂಚೆ ಕಿತ್ತೆಸೆದು ಕೂಗಿದೆ, "ಇದು ವೀರಪ್ಪ ಅಲ್ಲ! ನೋಡಿ, ಬಳೆ! ಹೆಂಗಸಿನ ಕಲ್ಲಿದು! ಸುಟ್ಟು ಸಾಯ್ಸಿರೋ ಹೆಂಗಸು! ಅವಳ ಮುಂದೆ ನಿಂತು ಇನ್ನೊಬ್ಬಳನ್ನ ಸಾಯೋಕೆ ಕಳಿಸ್ತೀರಾ?"

ದೊಡ್ಡಪ್ಪನ ಕೈ ನನ್ನ ಬಾಯಿಗೆ ಬಿತ್ತು. ತುಟಿ ಒಡೆದು ಉಪ್ಪುಪ್ಪು ರಕ್ತ. ನನ್ನ ಜುಟ್ಟು ಹಿಡಿದುಕೊಂಡೇ ಅವರು ಬಗ್ಗಿ ನೋಡಿದರು. ಬಳೆಗಳನ್ನು ಹೆಬ್ಬೆರಳಿನಿಂದ ಸವರಿದರು. ನಾನು ಸುಳ್ಳು ಹೇಳುತ್ತಿಲ್ಲವೆಂದು ಅವರಿಗೆ ತಿಳಿಯಿತು. ಮುಖ ಕೆಂಪಗಾಗುತ್ತದೆ, ನಾಚಿಕೆಯಾಗುತ್ತದೆ ಎಂದು ನಾನು ಕಾಯುತ್ತಿದ್ದೆ. ಅವರು ಕಲ್ಲಿಗೆ ಕೈಮುಗಿದರು.

"ನೋಡಮ್ಮಾ," ಎಂದು ಅಕ್ಕನ ಕಡೆ ತಿರುಗಿದರು. ದನಿ ಎಷ್ಟು ಮೃದುವಾಗಿತ್ತೆಂದರೆ ಇವತ್ತಿಗೂ ನೆನೆದರೆ ನನ್ನ ಹಲ್ಲು ಕಟಕಟಿಸುತ್ತವೆ. "ನಿನ್ ತಂಗಿ ಓದಿದ್ದು ಇವತ್ತು ಉಪಯೋಗಕ್ಕೆ ಬಂತು. ನಮ್ಮ ಮನೆತನದ ಹೆಣ್ಣು ಗಂಡನ ಹಿಂದೆ ಬೆಂಕಿಗೇ ಹೋದ್ಳು, ಅದಕ್ಕೇ ದೇವರಾದ್ಳು. ನಿಂಗೆ ಜೀವನ್ ಬಿಮಾ ನಗರಕ್ಕೆ ಹೋಗೋಕಾಗಲ್ವಾ?"

ಮೇಡಂ ಕೇಳಲು ಹೇಳಿದ್ದ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿತು. ಈ ಕಲ್ಲು ಕೆತ್ತಿಸಿದವರು ದೊಡ್ಡಪ್ಪಂದಿರು. ಅವರಿಗೆ ಬೇಕಾಗಿದ್ದು ಈ ಮಾತೇ. ಕುರಿಯ ಮೇಲೆ ನೀರು ಬಿತ್ತು. ಅದು ಮೈ ಒದರಿತು. ಅಕ್ಕನ ಗಂಡ ಮುಗುಳ್ನಕ್ಕ.

ಅಕ್ಕ ಹೊಂಗೆಮರ ದಾಟಿ ನಡೆದು ಬಂದಳು. ಕಾಲಿಗೆ ಬೀಳಲು ಬಂದಳೆಂದು ದೊಡ್ಡಪ್ಪ ಸರಿದು ಜಾಗ ಬಿಟ್ಟರು. ಅವಳು ಕುರಿಗೆಂದು ಮಸೆದಿಟ್ಟ ಮಚ್ಚನ್ನು ಎತ್ತಿಕೊಂಡು ಕಲ್ಲಿಗೆ ಬೀಸಿದಳು. ಕಿಡಿ ಹಾರಿತು. ಮತ್ತೆ ಬೀಸಿದಳು, ಮತ್ತೆ, ಎರಡೂ ಕೈಯಲ್ಲಿ, ಹೊಟ್ಟೆಯೊಳಗಿಂದ ಒಂದು ಸದ್ದು ಹೊರಡಿಸುತ್ತ. ಮಚ್ಚಿನ ಬಾಯಿ ಮುರಿಯಿತು, ಅವಳ ಅಂಗೈ ಸುಲಿದು ಹಿಡಿಯೆಲ್ಲ ರಕ್ತ. ಬಳೆಗಳು ಚಕ್ಕೆಯೆದ್ದು ಅರಿಶಿನದ ಮೇಲೆ ಉದುರಿದವು. ಯಾರೂ ಅಲುಗಾಡಲಿಲ್ಲ. ಕುರಿ ಮಾತ್ರ ಹಗ್ಗ ಕಿತ್ತುಕೊಂಡು ಪಕ್ಕದ ಹೊಲಕ್ಕೆ ಓಡಿತು.

ಎಚ್ಚರವಾದ ಮೇಲೆ ದೊಡ್ಡಪ್ಪ ಅವಳನ್ನು ಕೆಡವಿ ಒದ್ದರು. ಅಮ್ಮ, ಈ ಮನೆಗೆ ಬಂದಾಗಿನಿಂದ ಹೊಂಗೆಮರ ದಾಟದ ಅಮ್ಮ, ಓಡಿಬಂದು ಮಗಳ ಮೇಲೆ ಕವುಚಿ ಬಿದ್ದಳು. ಒದೆತ ಅವಳ ಬೆನ್ನಿಗೂ ಬಿತ್ತು. ನಾನು ದೊಡ್ಡಪ್ಪನ ಕೈ ಕಚ್ಚಿದೆ, ಹಲ್ಲು ಇಳಿಯುವ ಹಾಗೆ. ಅಪ್ಪ ಮಾತ್ರ ನಿಂತೇ ಇದ್ದರು. ಅದೊಂದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಗಲಾಟೆ ನಿಲ್ಲಿಸಿದ್ದು ಅಕ್ಕನ ಅತ್ತೆಯ ಚೀರಾಟ. ಅವಳು ಮಗನ ರಟ್ಟೆ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಳು.

"ಬೇಡ್ರೀ! ಇವಳು ಬೇಡ ನಮಗೆ! ಗಂಡ ಬದುಕಿರುವಾಗ್ಲೇ ದೇವರ ಬಳೆ ಒಡೆದ್ಬಿಟ್ಲು. ಗಂಡ ಸತ್ತಾಗಲ್ವಾ ಬಳೆ ಒಡೆಯೋದು? ಇವಳು ಹೊಸ್ಲು ತುಳಿದ್ರೆ ನನ್ನ ಮಗ ಉಳಿತಾನಾ?"

ಕೈಗಡಿಯಾರ ಬಿಚ್ಚಿಟ್ಟು ಹೊಡೆಯುತ್ತಿದ್ದ ಆ ಗಂಡಸು ತಾಯಿಯ ಬೆನ್ನ ಹಿಂದೆ ಅಡಗಿಕೊಂಡ. ಅವರಿಬ್ಬರೂ ಹೊಲದ ಬದುವಿನ ಮೇಲೆ ಎಡವುತ್ತ ಹೋದರು, ಒಮ್ಮೆಯೂ ತಿರುಗಿ ನೋಡಲಿಲ್ಲ. ವೀರಪ್ಪನ ಮುಂದೆ ಆಡಿದ ಮಾತನ್ನು ತಿರುಗಿಸಿದವರು ದೇವರಿಗೆ ಹೆದರಿದ ಅವರೇ. ನೆಲದ ಮೇಲೆ ಬಿದ್ದಿದ್ದ ಅಕ್ಕ ನಗುತ್ತಿದ್ದಳು, ಬಾಯಲ್ಲಿ ಮಣ್ಣು.

ಆಮೇಲೆ ಅಕ್ಕ ಕೆ.ಆರ್. ಪುರದ ಒಂದು ಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದಳು. ಎಡಗಿವಿ ಇವತ್ತಿಗೂ ಕೇಳಿಸುವುದಿಲ್ಲ. ಹೊಲದಲ್ಲಿ ಅಪಾರ್ಟ್‌ಮೆಂಟ್ ಎದ್ದಿತು. ಕಲ್ಲನ್ನು ಕಾಂಪೌಂಡಿನ ಮೂಲೆಗೆ ಸರಿಸಿ ಟೈಲ್ಸ್ ಹಾಕಿಸಿದರು. ಒಡೆದ ಜಾಗಕ್ಕೆ ಹೊಸ ಅರಿಶಿನ ಮೆತ್ತಿ ಮೀಸೆ ಮತ್ತೆ ಅಂಟಿಸಿದ್ದಾರೆ. ನಾನು ಆ ತೋಳನ್ನೇ ವರ್ಷಾನುಗಟ್ಟಲೆ ಬರೆದೆ. ಮಾಸ್ತಿಕಲ್ಲಿನ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ, ಕಂಡಲ್ಲೆಲ್ಲ ಹೋಗಿ ನಿಂತು ನೋಡಿದೆ. ಓದಿದಷ್ಟೂ ರೋಷ ಹೆಚ್ಚಿತು. ಕ್ಯಾನ್ವಾಸಿನ ಮೇಲೆ ತೋಳು ಕತ್ತರಿಸಿದೆ, ಬೆರಳು ಜಜ್ಜಿದೆ, ಸುಟ್ಟೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಇಂದಿರಾನಗರದ ನೂರಡಿ ರಸ್ತೆಯ ಹತ್ತಿರ, ಗ್ಯಾಲರಿ ಮಾಡಿಕೊಂಡ ಒಂದು ಹಳೇ ಬಂಗಲೆಯಲ್ಲಿ ನನ್ನ ಚಿತ್ರಗಳನ್ನು ತೂಗುಹಾಕಿದಾಗ ಅಕ್ಕ ಬಂದಳು. ದೊಡ್ಡ ಚಿತ್ರದ ಮುಂದೆ ಬಹಳ ಹೊತ್ತು ನಿಂತಳು. ಮುಂಗೈಯಿಂದ ತುಂಡಾದ ತೋಳು, ಕೆಳಗೆ ಬಿದ್ದ ಅಂಗೈ. ಅದನ್ನೇ ಎಲ್ಲರೂ ಹೊಗಳಿದ್ದರು.

"ಕೈ ಯಾಕೆ ಕಡಿದಿದೀಯ?" ಎಂದು ಕೇಳಿದಳು.

"ಅವತ್ತು ನೀನು ಕಡಿದಿದ್ದಲ್ವಾ ಅಕ್ಕಾ."

ಅವಳು ಬಲಗಿವಿ ನನ್ನ ಕಡೆ ತಿರುಗಿಸಿ ಕೇಳಿಸಿಕೊಂಡಳು. ಇಲ್ಲವೆಂದು ತಲೆಯಾಡಿಸಿದಳು.

"ಅವಳ ಕೈಗೆ ನಾನ್ಯಾಕೆ ಹೊಡೀಲಿ? ಬಳೆ ಅಷ್ಟೇ ಒಡೆದೆ ಕಣೇ. ಅವಳೂ ಗಂಡನ ಹತ್ರ ವಾಪಸ್ ಹೋಗೋದು ಬೇಡ ಅಂತ."

ಮಾರನೇ ದಿನ ಆ ಚಿತ್ರವನ್ನು ಗೋಡೆಯಿಂದ ಇಳಿಸಿ ಮನೆಗೆ ತಂದೆ. ಕೈಯನ್ನು ಮತ್ತೆ ಬರೆಯಬೇಕಿತ್ತು.