ಸಿಗ್ನಲ್ ಸಿಗದ ಜಾಗ

ಪೊಲೀಸ್ ಇಲಾಖೆಯ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಸಾಕ್ಷಿ ಅಕ್ಕ ಎನ್ನುತ್ತಿದ್ದರು. ಅದು ಹೆತ್ತವರು ಇಟ್ಟ ಹೆಸರಲ್ಲ. ಯಾರು ಏನು ಹೇಳಿದರೂ "ಸಾಕ್ಷಿ?" ಎಂದು ಹುಬ್ಬೇರಿಸುತ್ತಿದ್ದುದರಿಂದ ಅಂಟಿಕೊಂಡ ಅಡ್ಡಹೆಸರು. "ಹೊಟ್ಟೆ ಹಸೀತಿದೆ ಅಂದ್ರೂ ಸಾಕ್ಷಿ ಕೇಳ್ತಾಳೆ ನಮ್ಮಮ್ಮ" ಎಂಬುದು ಮಗಳ ದೂರು.

ಅವತ್ತು ಮಧ್ಯಾಹ್ನ ಪೇದೆಯೊಬ್ಬ ಫೋನೊಂದನ್ನು ತಂದ. ಒಬ್ಬ ನರ್ಸಿನ ಮುಖವನ್ನು ಹೊಲಸು ಚಿತ್ರಕ್ಕೆ ಅಂಟಿಸಿ, ಊರಿಗೆಲ್ಲ ಹಂಚುತ್ತೇನೆಂದು ಬೆದರಿಸುತ್ತಿದ್ದವನ ಫೋನ್ ಅದು. ಅವನ ಸಂದೇಶಗಳು ಓದಿದ ಕೂಡಲೇ ಅವಳ ಫೋನಿನಿಂದ ಮಾಯವಾಗುತ್ತಿದ್ದವು. ಪುರಾವೆ ಎಂಬುದೇನಾದರೂ ಇದ್ದರೆ ಇದರಲ್ಲೇ. ನರ್ಸ್ ಪ್ರಯೋಗಾಲಯದ ಹೊರಗೆ ಬೆಂಚಿನ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದಳು.

ತೊಡಕೆಂದರೆ, ಆ ಪುಣ್ಯಾತ್ಮ ಲಾಕಪ್ಪಿನಲ್ಲಿದ್ದರೂ ಅವನ ಗೆಳೆಯರು ಹೊರಗಿದ್ದರು. ಅವರು ದೂರದಿಂದ ಒಂದು ಆಜ್ಞೆ ಕಳಿಸಿದರೆ ಸಾಕು, ಸಿಗ್ನಲ್ ಸಿಕ್ಕ ಕ್ಷಣವೇ ಫೋನ್ ತನ್ನನ್ನು ತಾನು ಅಳಿಸಿಕೊಳ್ಳುತ್ತದೆ. ಆಫ್ ಮಾಡಿದರೆ ಫೋನಿಗೆ ಬೀಗ ಬೀಳುತ್ತದೆ, ಮತ್ತೆ ತೆರೆಯಲಾಗದು. ಒಡೆದ ಪರದೆಯೋ, ಬೆರಳಿನ ಮಾತು ಕೇಳುತ್ತಿರಲಿಲ್ಲ; ಹಾಗಾಗಿ ಏರೋಪ್ಲೇನ್ ಮೋಡಿಗೂ ಹಾಕುವಂತಿರಲಿಲ್ಲ. ಸಿಗ್ನಲ್ ತಡೆಯುವ ಚೀಲದಲ್ಲಿ ಬಂದಿತ್ತೇನೋ ಸರಿ, ಆದರೆ ಚೀಲದೊಳಗೆ ನಕಲು ತೆಗೆಯಲಾಗದು; ಅದಕ್ಕೆ ಬೇಕಾದ, ಸಿಗ್ನಲ್ ನುಗ್ಗದ ತಡೆಪೆಟ್ಟಿಗೆ ರಿಪೇರಿಗೆ ಹೋಗಿತ್ತು. ಚಾರ್ಜು ಮುಗಿಯುತ್ತ ಬಂದಿತ್ತು.

ಸಾಕ್ಷಿ ಅಕ್ಕ ಸಿಗ್ನಲ್ ಸಿಗದ ಜಾಗ ಹುಡುಕುತ್ತ ತನ್ನ ಫೋನನ್ನು ಕಬ್ಬಿಣದ ಬೀರುವಿನಲ್ಲಿಟ್ಟು, ಪೇದೆಯಿಂದ ಕರೆ ಮಾಡಿಸಿದಳು. ಟ್ರಿಣ್! ಬಿಸ್ಕತ್ತಿನ ಡಬ್ಬಿಯಲ್ಲೂ ಟ್ರಿಣ್!

"ನಮ್ಮನೆಯವರು ಬೈಯೋವಾಗ ಲೈನ್ ಕಟ್ಟಾಗೋ ಜಾಗ ಒಂದಿದೆ" ಎಂದಳು.

"ಯಾವುದು ಮೇಡಂ?"

"ಲಿಫ್ಟು. ಬೈಗುಳ ಶುರುವಾಗ್ತಿದ್ದ ಹಾಗೇ ಹತ್ತಿಬಿಡ್ತೀನಿ."

ಪರೀಕ್ಷಿಸಿದರು. ಬಾಗಿಲು ಮುಚ್ಚಿದರೆ ಸಿಗ್ನಲ್‌ನ ಒಂದು ಗೆರೆಯೂ ಇಲ್ಲ. ಕೆಳಮಹಡಿಯಲ್ಲಿ ಲಿಫ್ಟ್ ನಿಲ್ಲಿಸಿ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಫೋನನ್ನು ಚೀಲದಿಂದ ತೆಗೆದು ಕೇಬಲ್ ಸಿಕ್ಕಿಸಿದಳು. ನಕಲು ಬಸವನಹುಳುವಿನಂತೆ ತೆವಳತೊಡಗಿತು. ಪೇದೆ ಮೂಲೆಗೆ ಅಂಟಿಕೊಂಡು ಕಣ್ಣು ಮುಚ್ಚಿದ್ದ.

"ಭಯಾನಾ?"

"ಇಲ್ಲ ಮೇಡಂ."

"ಸಾಕ್ಷಿ?"

ಅವನು ಒಂದು ಕಣ್ಣು ತೆರೆದು, ಲಿಫ್ಟಿನ ಗೋಡೆ ನೋಡಿ, ಮತ್ತೆ ಬಿಗಿಯಾಗಿ ಮುಚ್ಚಿಕೊಂಡ.

ಅಷ್ಟರಲ್ಲಿ ಹೊರಗೆ ಧಡಬಡ ಸದ್ದು. ಲಿಫ್ಟ್ ಕೆಟ್ಟಿದೆಯೆಂದು ಯಾರೋ ಮೆಕ್ಯಾನಿಕ್ಕನ್ನು ಕರೆಸಿದ್ದರು. ಒಳಗಿನ ಹೆಂಗಸಿನ ದನಿ ಅವನಿಗೆ ಕೇಳಿಸಿತು.

"ಹೆದರ್ಬೇಡಿ ಅಕ್ಕಾ, ಈಗ ತೆಗೀತೀನಿ!"

"ತೆಗೀಬೇಡಪ್ಪೋ! ನಾವು ಸಿಕ್ಕಾಕೊಂಡಿಲ್ಲ, ನಾವೇ ಬಂದು ಕೂತಿದ್ದೀವಿ!"

"ಪಾಪ, ಗಾಳಿ ಇಲ್ದೆ ತಲೆ ಕೆಟ್ಟಿದೆ" ಎನ್ನುತ್ತ ಮೆಕ್ಯಾನಿಕ್ ಬಾಗಿಲ ಸಂದಿಗೆ ಸಲಾಕೆ ತೂರಿಸಿದ.

ಪೇದೆ ಭಯವನ್ನೆಲ್ಲ ಮರೆತು ನೆಗೆದೆದ್ದು ಬಾಗಿಲನ್ನು ಅವುಚಿ ಹಿಡಿದ. "ಮುಗೀತಾ ಮೇಡಂ?"

"ಇನ್ನೊಂದು ಚೂರು!"

ಹೊರಗಿನವನು ಮೀಟಿದ, ಒಳಗಿನವನು ಒತ್ತಿದ.

"ಸಾರ್, ಒಳಗೆ ಏನೋ ಹಿಡ್ಕೊಂಡಿದೆ!" ಎಂದು ಮೆಕ್ಯಾನಿಕ್ ತನ್ನನ್ನು ಕರೆಸಿದವರಿಗೆ ಕೇಳುವಂತೆ ಕಿರುಚಿದ.

"ಏನೋ ಅಲ್ಲಯ್ಯ, ನಾನು!" ಎಂದು ಪೇದೆ ಗುಡುಗಿದ.

ಸಾಕ್ಷಿ ಅಕ್ಕನಿಗೆ ನಗು ಉಕ್ಕಿ, ತೊಡೆಯ ಮೇಲಿನ ಲ್ಯಾಪ್‌ಟಾಪ್ ಕುಣಿಯತೊಡಗಿತು. ಕುಣಿಯುತ್ತಲೇ ನಕಲು ಪೂರ್ತಿಯಾಯಿತು. ತೆರೆದು ನೋಡಿದಳು: ಬೆದರಿಕೆಗಳೆಲ್ಲ ಸಾಲಾಗಿ, ತಾರೀಖು ಸಮೇತ ಕೂತಿದ್ದವು.

ಫೋನನ್ನು ಚೀಲಕ್ಕೆ ಸೇರಿಸುವಷ್ಟರಲ್ಲಿ ಬಾಗಿಲು ಕಿತ್ತುಕೊಂಡು ಬಂತು. ಸಿಗ್ನಲ್ ಸಿಕ್ಕಿದ್ದೇ ತಡ, ಫೋನಿನ ಪರದೆ ಮಿನುಗಿ ಬರಿದಾಯಿತು. ಅಳಿಸುವ ಆಜ್ಞೆ ಹೊಸ್ತಿಲಲ್ಲೇ ಕಾದಿತ್ತು.

"ಹೋಯ್ತಲ್ಲ ಮೇಡಂ!"

"ಹೋಗ್ಲಿ ಬಿಡು, ನಕಲು ನಮ್ಮ ಕೈಲಿದೆ. ಪುರಾವೆ ಅಳಿಸೋದೂ ಅಪರಾಧಾನೇ. ಕಳಿಸಿದವನೂ ಜಾಡು ಬಿಟ್ಟಿರ್ತಾನೆ. ಒಬ್ಬನಿಗೆ ಬಲೆ ಹಾಕಿದ್ವಿ, ಇನ್ನೊಬ್ಬ ತಾನೇ ಬಂದು ಬಿದ್ದ!"

ಲಿಫ್ಟ್ ಈಗ ನಿಜವಾಗಿಯೂ ಕೆಟ್ಟಿತ್ತು. ಅವಳು ಎರಡೆರಡು ಮೆಟ್ಟಿಲು ಹಾರುತ್ತ ಮೇಲಕ್ಕೆ ಓಡಿದಳು. ನರ್ಸ್ ಎದ್ದು ನಿಂತಳು.

"ಸಿಕ್ತಾ ಅಕ್ಕಾ?"

"ಎಲ್ಲಾ ಸಿಕ್ತು. ಕೋರ್ಟಿಗೆ ಧಾರಾಳವಾಗಿ ಸಾಕು."

ನರ್ಸ್ ಅವಳ ಕೈ ಹಿಡಿದು ಬೆಂಚಿನ ಮೇಲೆ ಪಕ್ಕಕ್ಕೆ ಕೂರಿಸಿಕೊಂಡಳು. ಲಿಫ್ಟಿನ ಕುಸ್ತಿ ನೆನಪಾಗಿ ಸಾಕ್ಷಿ ಅಕ್ಕನಿಗೆ ಮತ್ತೆ ನಗು ಉಕ್ಕಿತು; ಅದು ನರ್ಸಿಗೂ ಹತ್ತಿ, ಬೆಂಚೇ ಅಲುಗಾಡಿತು.

"ನಾವ್ಯಾಕೆ ಹೀಗೆ ನಗ್ತಿದ್ದೀವಿ ಅಕ್ಕಾ?"

"ತಾಳು ತಾಯಿ, ಉಸಿರು ಬರ್ಲಿ, ಹೇಳ್ತೀನಿ."