ಅಕ್ಕನ ಕಣ್ಣು, ಅಪ್ಪನ ಸಹಿ

ಎಡಗಣ್ಣಿಗೆ ಪೊರೆ ಬಂದಾಗ ಅಕ್ಕನಿಗೆ ಮೂವತ್ತೆಂಟು. ಬುದ್ಧಿ ಬೆಳೆದದ್ದು ಕಡಿಮೆ. ಅದಕ್ಕೆಂದೇ ಅಪ್ಪ ಜಿಲ್ಲಾ ಸಮಿತಿಯಿಂದ ಪಾಲಕತ್ವದ ಪತ್ರ ಮಾಡಿಸಿಟ್ಟಿದ್ದ. ಆಪರೇಷನ್ನಿಗೆ ಅವನ ಸಹಿ ಸಾಕು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೂ ಅವ್ವ ಹಿಂದಿನ ದಿನ ಹಿರೇಕೆರೂರಿನ ಗುಡಿಗೆ ಹೋಗಿ ಹೂ ಕೇಳಿ ಬಂದಳು. ದೇವಿಯ ಬಲಗಡೆ ಹೂ ಬಿದ್ದರೆ ಅಪ್ಪಣೆ. ಬಿತ್ತಂತೆ.

ನನಗೆ ಸುಮ್ಮನಿರಲಾಗಲಿಲ್ಲ. “ಅಲ್ಲಬೇ, ಕಲ್ಲಿಗೆ ಕೇಳಿದಿ, ಕಣ್ಣಿದ್ದಾಕಿಗೆ ಕೇಳಲಿಲ್ಲಲ್ಲ?”

“ಅಕಿಗೇನ ತಿಳೀತೈತಿ?” ಅಂದಳು ಅವ್ವ.

“ರೊಟ್ಟಿ ಸೀದಿದ್ದು ತಿಳೀತೈತಿ, ನೀ ಸುಳ್ಳ ಹೇಳಿದ್ದು ತಿಳೀತೈತಿ. ಇದೊಂದ ತಿಳಿಯಂಗಿಲ್ಲ?”

“ಬಂದ್ಳು ನೋಡ್ರಿ ವಕೀಲಬಾಯಿ,” ಅಂದ ಅಪ್ಪ.

ಮರುದಿನ ನಾಲ್ವರೂ ಹತ್ತಿದ ಹಾವೇರಿ ಬಸ್ಸಿನಲ್ಲೂ ನಾನು ಬಿಡಲಿಲ್ಲ. ಪಾಲಕನ ಪತ್ರ ಇದ್ದರೆ ಅವಳನ್ನು ಕೇಳದೇ ಇರಬಹುದೆಂದು ಯಾವ ಕಾನೂನಿನಲ್ಲಿದೆ, ತೋರಿಸು ಎಂದೆ. ಕಾಲೇಜಿನ ಚರ್ಚಾಸ್ಪರ್ಧೆಯಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಅಪ್ಪ ಕಿಟಕಿಯತ್ತ ತಿರುಗಿ ಕುಳಿತ.

ಆಸ್ಪತ್ರೆಯಲ್ಲಿ ಡಾಕ್ಟರು ಫಾರ್ಮನ್ನು ನೇರ ಅಪ್ಪನ ಮುಂದೆ ಸರಿಸಿದರು. “ಸರ್, ಅಕಿನ್ನ ಒಮ್ಮೆ ಕೇಳ್ರಿ,” ಎಂದೆ. ಅವರು ಬೇಸರಿಸದೆ ಕೇಳಿದರು: “ಏನವ್ವಾ, ಕಣ್ಣಿನ ಆಪರೇಷನ್ ಮಾಡೂಣೇನು?”

“ಒಲ್ಲೆ.”

ಮೂವರೂ ನನ್ನನ್ನು ನೋಡಿದರು. ಆಕೆ ಹೂಂ ಅನ್ನುತ್ತಾಳೆ ಎಂದುಕೊಂಡೇ ನಾನು ಅಷ್ಟೆಲ್ಲ ವಾದ ಮಾಡಿದ್ದೆ. ಹೀಗೇ ಬಿಟ್ಟರೆ ಆ ಕಣ್ಣು ಹೋಗುತ್ತಿತ್ತು. ಆಗಲೇ ಎರಡು ಸಲ ಸರಿಯಾಗಿ ಕಾಣದೆ ಕಾದ ಹಂಚಿನ ಮೇಲೆ ಕೈ ಇಟ್ಟಿದ್ದಳು. ಅಪ್ಪ ಪೆನ್ನು ತೆಗೆದ.

ಅವನ ಕೈ ಹಿಡಿದವಳು ನಾನಲ್ಲ, ಅವ್ವ. “ತಡೀರಿ,” ಎಂದು ಅಕ್ಕನತ್ತ ತಿರುಗಿದಳು. “ಯಾಕಬೇ, ಯಾಕ ಒಲ್ಲಿ?”

“ಕಣ್ಣ ಕಟ್ಟತಾರ. ಕತ್ತಲಾಗತೈತಿ. ನೀ ಕಾಣಂಗಿಲ್ಲ.”

ಅವ್ವ ಕೇಳಿದ್ದು ನಾನು ಅಕ್ಕನಿಗೆ ಒಮ್ಮೆಯೂ ಕೇಳಿರದ ಪ್ರಶ್ನೆ.

“ಒಂದ ಕಣ್ಣ ಕಟ್ಟೋದವ್ವಾ,” ಎಂದು ಡಾಕ್ಟರು ತಮ್ಮ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ತೋರಿಸಿದರು. ಅಕ್ಕನೂ ಮುಚ್ಚಿಕೊಂಡಳು. ಅವ್ವನನ್ನು ನೋಡಿದಳು, ಬಾಗಿಲು ನೋಡಿದಳು, ಮತ್ತೆ ಅವ್ವನನ್ನು ನೋಡಿದಳು.

“ಕಾಣತಾಳ. ಹಂಗಾರ ಮಾಡ್ರಿ.”

ಅಪ್ಪ ಸಹಿ ಹಾಕಿದ. ಬಲಗಣ್ಣಿಗೂ ಪೊರೆ ಶುರುವಾಗಿದೆ ಎಂದು ಡಾಕ್ಟರು ಹೇಳಿದ್ದರು. ಅದಕ್ಕೂ ಈಗಲೇ ಬರೆದುಕೊಳ್ಳಿ, ಮತ್ತೆ ಈ ರಗಳೆ ಯಾಕೆ ಎಂದ ಅಪ್ಪ.

“ಏ, ಅದು ಬ್ಯಾಡ,” ಅಂದಳು ಅಕ್ಕ. “ಅದನ್ನ ಆಮ್ಯಾಲೆ ಕೇಳ್ರಿ.”

ಡಾಕ್ಟರು ಫಾರ್ಮಿನಲ್ಲಿ ಎಡಗಣ್ಣು ಎಂದಷ್ಟೇ ಬರೆದರು.