ಅಕ್ಕನ ಕಾಲೊಳಗಿನ ಪಟ್ಟಿ

ಅಕ್ಕನ ಮೊಣಕಾಲಿನ ಕೆಳಗೆ ಮುರಿದ ಎಲುಬಿಗೆ ಬಿಗಿದಿದ್ದ ಟೈಟಾನಿಯಂ ಪಟ್ಟಿ ವರ್ಷ ತುಂಬುವ ಮೊದಲೇ ಮುರಿಯಿತು. ಹೇಳಿದ ಮಾತು ಕೇಳದೆ ಸೊಸೆ ಓಡಾಡಿ ಮುರಿದುಕೊಂಡಳು, ಇನ್ನು ತವರಿಗೆ ಹೋಗಲಿ ಎಂದು ಅವಳ ಅತ್ತೆ ಆಗಲೇ ತೀರ್ಪು ಕೊಟ್ಟಾಗಿತ್ತು. ಇದು ಎಪ್ಪತ್ತರ ದಶಕದ ಮಾತು. ನಾನಾಗ ಟೈಟಾನಿಯಂ ಮಿಶ್ರಲೋಹಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಅವ್ವ ನನ್ನನ್ನು ನಮ್ಮೂರು ತಾಂಬಾಕ್ಕೆ ಕರೆಸಿದಳು.

"ತಪ್ಪು ಆಕೀದಲ್ಲಂತ ಬೀಗರಿಗೆ ತಿಳಿಸಿ ಹೇಳು. ಆಕಿ ಆ ಮನ್ಯಾಗ ಉಳದ್ರ ಸಾಕು."

ಡಾಕ್ಟರು ಹೊರತೆಗೆದಿದ್ದ ತುಂಡನ್ನು ಕೇಳಿ ಪಡೆದು, ಪ್ರಯೋಗಾಲಯದಲ್ಲಿ ಉಜ್ಜಿ ನುಣುಪು ಮಾಡಿ ಸೂಕ್ಷ್ಮದರ್ಶಕದಡಿ ಇಟ್ಟೆ. ಮುರಿದ ಅಂಚಿನ ಸುತ್ತ ಸೂಜಿಗಳಂಥ ಗೆರೆಗಳು. ಕಾರ್ಖಾನೆಯಲ್ಲಿ ಪಟ್ಟಿಯನ್ನು ಆಸಿಡ್‌ನಲ್ಲಿ ತೊಳೆಯುವಾಗ ಹೈಡ್ರೋಜನ್ ಲೋಹದೊಳಗೆ ಇಳಿಯುತ್ತದೆ. ಆಮೇಲೆ ಗಾಳಿಯಿಲ್ಲದ ಕುಲುಮೆಯಲ್ಲಿ ಕಾಯಿಸಿ ಅದನ್ನು ಹೊರದಬ್ಬಬೇಕು. ಯಾರೋ ಪುಣ್ಯಾತ್ಮರು ಆ ಕೆಲಸ ಮಾಡಿರಲಿಲ್ಲ. ಉಳಿದ ಪರಮಾಣುಗಳು ಲೋಹದ ಸಂದಿಗಳಲ್ಲಿ ನುಸುಳುತ್ತಾ, ಎಲ್ಲಿ ಭಾರ ಬಿದ್ದು ಲೋಹ ಹೆಚ್ಚು ಜಗ್ಗುತ್ತದೋ ಅಲ್ಲಿಗೇ ಹೋಗಿ ಸೇರುತ್ತವೆ. ಸೇರಿದ ಜಾಗ ಹಪ್ಪಳದಂತೆ ಪೆಡಸಾಗಿ ಲಟಕ್ಕನೆ ಮುರಿಯುತ್ತದೆ.

ಮುದ್ದೇಬಿಹಾಳದ ಅಕ್ಕನ ಅತ್ತೆಮನೆಯಲ್ಲಿ ಕೊಟ್ಟ ನೀರನ್ನು ನಾನು ಮುಟ್ಟಲಿಲ್ಲ. ಬೀಗರ ಮನೆಯಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ, ಬೇಕೆಂದೇ ಮಾಡಿದೆ. ಅಕ್ಕ ಕಾಲಿಗೆ ಪ್ಲಾಸ್ಟರು ಹಾಕಿಕೊಂಡು ಗೋಡೆಗೊರಗಿ ಕೂತಿದ್ದಳು. ಕಂಡದ್ದನ್ನೆಲ್ಲ ಬಿಡಿಸಿ ಹೇಳಿದೆ. ಅತ್ತೆ ಎಲೆ ಅಡಿಕೆ ಜಗಿಯುತ್ತಾ ಕೇಳಿದಳು.

"ಹಂಗಾರ ಆಕಿ ನಡದದ್ದಕ್ಕ ಮುರದಿಲ್ಲ. ಛಲೋ ಆತು. ನಾಳಿಂದ ರೊಟ್ಟಿ ಬಡ್ಯಾಕ ಕುಂದರಲಿ."

ಆ ಮುದುಕಿಯನ್ನು ಅವತ್ತು ದ್ವೇಷಿಸಿದಷ್ಟು ಇನ್ನಾರನ್ನೂ ದ್ವೇಷಿಸಿಲ್ಲ.

"ಭಾರ ಬಿದ್ದಲ್ಲೇ ಆ ಹೈಡ್ರೋಜನ್ ಹೋಗಿ ಸೇರ್ತೈತಿ ಅಂದ್ನಲ್ರಿ ಅತ್ತಿ. ಹಸೀ ಗಾಯದಾಗ ಆಕಿ ತಲಿಮ್ಯಾಲ ಕೊಡ ಹೊರಸಿದವರು ಯಾರು?"

ಮಾಮಾ, ಅಂದರೆ ಅಕ್ಕನ ಗಂಡ, ಮೀಸೆ ತೀಡಿಕೊಂಡು, "ಮನಿ ಅಂದಮ್ಯಾಲ ಕೆಲಸ ಇರತಾವ" ಎಂದ. ಅಷ್ಟೇ. ಮನೆಯ ಎಮ್ಮೆ ಕುಂಟಿದ್ದರೆ ಇದಕ್ಕಿಂತ ಹೆಚ್ಚು ಮಾತಾಡುತ್ತಿದ್ದ.

ಅವ್ವ ಕಳಿಸಿದ ಕೆಲಸವೇ ಬೇರೆ. ನಾನು ಎದ್ದು, "ಅಕ್ಕಾ, ನಡಿ. ತಾಂಬಾಕ್ಕ ಹೋಗೂನು" ಎಂದೆ. ಅವಳು ಬೇಡ ಅನ್ನಬಹುದು ಎಂಬ ಹೆದರಿಕೆ ನನಗಿತ್ತು. ಅವಳು ಗೋಡೆ ಹಿಡಿದು ಎದ್ದಳು, ಬಗಲಿಗೆ ಕೋಲು ಸಿಕ್ಕಿಸಿಕೊಂಡಳು, ಯಾರ ಮುಖವನ್ನೂ ನೋಡಲಿಲ್ಲ.

ಅಂಗಳ ದಾಟಿದ ಮೇಲೆ ಅಕ್ಕ ನಿಂತಳು.

"ಬರ್ತೇನಿ. ಆದ್ರ ನಾಳೆ ಇವರು ಕರಿಯಾಕ ಬಂದ್ರ, ನನ್ನ ತಿರುಗಿ ಕಳಸಬ್ಯಾಡಂತ ಅವ್ವಗ ನೀನ ಹೇಳಬೇಕು. ನಾ ಹೇಳಿದ್ದು ಆಕಿ ಕೇಳೂದಿಲ್ಲ. ಹೋದ ಸಲ ನಾ ಬಂದಾಗೂ ಕೇಳಲಿಲ್ಲ, ತಿರುಗಿ ಕಳಿಸಿದ್ಲು."